ಅಲ್ಲಾಡದ ಕೊಂಬೆ

ಹಲ್ಲಿನ ಡಾಕ್ಟರಿಗೆ ಬಾಯಿಗಳ ಬಗ್ಗೆ ಹೇಸಿಗೆ ಎನ್ನುವುದೇ ಇರಲಿಲ್ಲ. ಕೀವು ತುಂಬಿದ ಒಸಡು, ಹುಳುಕು ಹಿಡಿದು ನಾರುವ ದವಡೆ, ವರ್ಷಗಟ್ಟಲೆ ಬ್ರಷ್ಷಿನ ಮುಖ ಕಾಣದ ಹಲ್ಲುಸಾಲು, ಎಲ್ಲದರ ಎದುರೂ ಮೂಗು ಮುಚ್ಚದೆ ಕೂತವರು. ಮಧ್ಯಾಹ್ನ ಕೈ ತೊಳೆದು ನೆಮ್ಮದಿಯಾಗಿ ಊಟ ಮಾಡಿದವರು. ಆದರೆ ಅವರ ಷಡ್ಡಕ ವಿಸಿಟಿಂಗ್ ಕಾರ್ಡಿನ ಮೂಲೆಯಿಂದ ಹಲ್ಲು ಕೆದಕಿ, ಸಿಕ್ಕಿದ್ದನ್ನು ಒಮ್ಮೆ ಕಣ್ಣೆದುರು ಹಿಡಿದು ನೋಡಿ, ಅದೇ ಕಾರ್ಡನ್ನು ಎದುರಿನವರ ಕೈಗೆ ಕೊಡುವುದನ್ನು ಕಂಡರೆ ಮಾತ್ರ ಅವರಿಗೆ ಹೇಸಿಗೆಯಾಗುತ್ತಿತ್ತು. ಏನು ಮಾಡುವುದು, ಹೆಂಡತಿಯ ತಂಗಿಯ ಗಂಡ. ಈಚೆಗೆ ಡಾಕ್ಟರ ಹೇಸಿಗೆಗೆ ಇನ್ನೊಂದು ಗುರಿಯೂ ಸಿಕ್ಕಿತ್ತು. ಅದು ಅವರದೇ ಬಲಗೈ.

ಆ ಕೈ ನಡುಗತೊಡಗಿತ್ತು. ಹಲ್ಲು ಕಿತ್ತರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಂದು ಹೆಸರು ಮಾಡಿದ್ದ ಕೈ ಅದು. ಈಗ ಬಾಯೊಳಗಿಟ್ಟ ಪುಟ್ಟ ಕನ್ನಡಿ ರೋಗಿಯ ಹಲ್ಲಿಗೆ ಟಿಕ್ ಟಿಕ್ ಎಂದು ಬಡಿಯುತ್ತಿತ್ತು. "ಅಲ್ಲಾಡಬೇಡಿ, ನೀವು ಅಲ್ಲಾಡಿದ್ರೆ ನಾನು ಕೆಲಸ ಮಾಡೋದು ಹೇಗೆ?" ಎಂದು ಡಾಕ್ಟರು ರೋಗಿಯ ಮೇಲೆಯೇ ರೇಗುತ್ತಿದ್ದರು. ಬಾಯಿ ಅಗಲಿಸಿ ಮಲಗಿದವರು ತಿರುಗಿ ಏನು ತಾನೆ ಹೇಳಿಯಾರು. ಸುಮ್ಮನೆ ಕುರ್ಚಿಯ ಕೈ ಹಿಡಿದುಕೊಳ್ಳುತ್ತಿದ್ದರು.

ಆದರೆ ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದವಳು ಅವರ ಮಗಳೇ. ಅವಳೂ ಹಲ್ಲಿನ ಡಾಕ್ಟರು, ಮತ್ತು ಅವಳಿಗೆ ಕಿವಿ ಚುರುಕು.

"ಅಪ್ಪ, ಡ್ರಿಲ್ ಕೆಳಗಿಡಿ," ಎಂದಳು ಒಂದು ಸಂಜೆ, ಉಪಕರಣಗಳನ್ನು ಕುದಿಸಲು ಹಾಕುತ್ತ. "ನೀವು ಕೂತು ಸಲಹೆ ಕೊಡಿ ಸಾಕು. ಬಾಯೊಳಗೆ ಕೈ ಹಾಕೋದು ಬೇಡ."

"ಏಸಿ ಜಾಸ್ತಿ ಆಗಿತ್ತು. ಚಳಿಗೆ ಯಾರ ಕೈ ನಡುಗಲ್ಲ?"

"ನೆನ್ನೆ ಏಸಿನೇ ಇರಲಿಲ್ಲ."

ಡಾಕ್ಟರಿಗೆ ಮೈಯೆಲ್ಲ ಉರಿಯಿತು. ಈ ಕೈಯ ದುಡಿಮೆಯಲ್ಲಿ ಓದಿ ಬಂದವಳು ಈ ಕೈಗೇ ಬುದ್ಧಿ ಹೇಳುತ್ತಿದ್ದಾಳೆ. ಆ ಸಿಟ್ಟಿನಲ್ಲೇ ಅವರೊಂದು ಪಂದ್ಯ ಕಟ್ಟಿದರು. ಅವರಿಗೆ ಹಕ್ಕಿಗಳ ಫೋಟೊ ತೆಗೆಯುವ ಹುಚ್ಚು. ಕೆಳಗೆ ಕ್ಲಿನಿಕ್ಕು, ಅದರ ಮೇಲೆ ಮನೆ, ಅದರ ಮೇಲೆ ತಾರಸಿ; ತಾರಸಿಗೆ ಸರಿಸಮನಾಗಿ ಹಿತ್ತಲ ಮರದ ನೆತ್ತಿ. ಅಲ್ಲಿ ಒಂದು ತೆಳ್ಳನೆಯ ಕವಲಿನಲ್ಲಿ ಹಳದಿ ಮೈಯ ಹೊನ್ನಕ್ಕಿ ಗೂಡು ನೇಯ್ದು ಮರಿ ಮಾಡಿತ್ತು.

"ಆ ಹಕ್ಕಿ ಮರಿಗೆ ಉಣಿಸೋದನ್ನ ಪುಕ್ಕ ಪುಕ್ಕ ಎಣಿಸೋ ಹಾಗೆ ತೆಗೆದು ತೋರಿಸ್ತೀನಿ. ತೋರಿಸಿದ್ರೆ ನನ್ನ ಕೈ ಸುದ್ದಿಗೆ ಯಾರೂ ಬರಬಾರದು. ಮರಿ ಹಾರಿಹೋಗೋದರೊಳಗೆ ಆಗಲಿಲ್ಲ ಅಂದ್ರೆ ನಾನೇ ಕುರ್ಚಿ ಬಿಡ್ತೀನಿ."

"ಮೂರು ಕಾಲಿನ ಮೇಲೆ ಕ್ಯಾಮೆರಾ ಕೂರಿಸಿದ ಮೇಲೆ ನಿಮ್ಮ ಕೈಯದೇನು ದೊಡ್ಡಸ್ತಿಕೆ?" ಎಂದರು, ಮೇಲಿನಿಂದ ಕಾಫಿ ತಂದ ಹೆಂಡತಿ.

"ಗುಂಡಿ ಒತ್ತೋದು ಕೈನೇ ತಾನೇ? ರಿಮೋಟ್ ಇಲ್ಲ, ಟೈಮರ್ ಇಲ್ಲ. ಬರೀ ಬೆರಳು."

ಮಗಳಿಗೆ ವಾದ ಮಾಡಿ ಸಾಕಾಗಿತ್ತೋ, ಅಪ್ಪ ಗೆದ್ದರೆ ಗೆಲ್ಲಲಿ ಎನಿಸಿತೋ, ಕಡೆಗೆ ಆಗಲಿ ಎಂದಳು.

ಕ್ಯಾಮೆರಾ ಅಲುಗದಂತೆ ಕೂರಿಸುವ ವಿದ್ಯೆಯಲ್ಲಿ ಡಾಕ್ಟರು ಪಳಗಿದವರೇ. ಟ್ರೈಪಾಡಿನ ಕಾಲುಗಳ ದಪ್ಪ ತುಂಡುಗಳನ್ನಷ್ಟೇ ಎಳೆದರು, ಕಡ್ಡಿಯಂಥ ಕೊನೆಯ ತುಂಡುಗಳನ್ನು ಮುಟ್ಟಲಿಲ್ಲ. ನಡುವಿನ ಕಂಬವನ್ನು ಮೇಲೆತ್ತಲಿಲ್ಲ, ಎತ್ತಿದರೆ ಅದು ಕುಡಿದವನ ಕತ್ತಿನಂತೆ ಓಲಾಡುತ್ತದೆ. ಅದರ ಬುಡದ ಕೊಕ್ಕೆಗೆ ಮರಳಿನ ಚೀಲ ತೂಗುಹಾಕಿದರು. ಉದ್ದನೆಯ ಲೆನ್ಸಿನ ಮೂತಿಯ ಅಡಿಗೆ, ತಾರಸಿಯ ಕಟ್ಟೆಯ ಮೇಲೆ, ಹೆಂಡತಿ ಹೊಲಿದುಕೊಟ್ಟ ಕಾಳಿನ ಚೀಲ ಇಟ್ಟರು. ಎಡ ಅಂಗೈಯನ್ನು ಲೆನ್ಸಿನ ಮೇಲೆ ಒತ್ತಿ, ಉಸಿರು ಅರ್ಧ ಬಿಟ್ಟು, ಬಲಗೈ ಬೆರಳನ್ನು ಗುಂಡಿಯ ಮೇಲಿಟ್ಟರು.

ಬೆರಳು ಗುಂಡಿಯ ಮೇಲೆ ಕುಣಿಯಿತು. ಫೋಟೊದಲ್ಲಿ ಹಕ್ಕಿ ಅರಿಸಿನ ಚೆಲ್ಲಿದಂತೆ ಕಂಡಿತು.

ದಿನಾ ಬೆಳಿಗ್ಗೆ ಇದೇ ಹಾಡು. ಎಲೆಗಳ ನೆರಳಿನಲ್ಲಿ ಬೆಳಕು ಸಾಲದು. ಬೆಳಕು ಸಾಲದಿದ್ದರೆ ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದಿರಬೇಕು. ಅಷ್ಟು ಹೊತ್ತು ಎಲ್ಲವೂ ನಿಂತಿರಬೇಕು. ಮರಿಗಳು ಬಲಿಯುತ್ತಿದ್ದವು. ಡಾಕ್ಟರು ತಮ್ಮ ಬಲಗೈಯನ್ನು ಬೇರೆ ಯಾರದೋ ಕೊಳಕು ಬಟ್ಟೆಯೆಂಬಂತೆ ನೋಡುತ್ತಿದ್ದರು, ಜೇಬಿಗೆ ತುರುಕುತ್ತಿದ್ದರು. ಊಟದ ಮನೆಯಲ್ಲಿ ಮಾತ್ರ ಬೇರೆ ಮಾತು.

"ನನ್ನ ಕ್ಯಾಮೆರಾ ಬಂಡೆ ಹಾಗೆ ನಿಂತಿದೆ. ಆ ಕೊಂಬೆ ನಿಲ್ಲಬೇಕಲ್ಲ. ಗಾಳಿಗೆ ತೂಗೋದೇ ತೂಗೋದು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಹೆಂಡತಿ ಸಾರು ಬಡಿಸಿದರು.

ಆ ದಿನ ಊಟಕ್ಕೆ ಷಡ್ಡಕನೂ ಬಂದಿದ್ದ. ಊರಲ್ಲಿ ಅವನದು ನಲ್ಲಿ, ಪೈಪು, ಸಿಂಕುಗಳ ಅಂಗಡಿ. ಏಣಿ, ಬಿದಿರಿನ ಗಳು, ಹಗ್ಗ, ಯಾವುದಕ್ಕೂ ಕೊರತೆಯಿಲ್ಲ. ಡಾಕ್ಟರನ್ನು ನೋಡಿ ಅವನೂ ಕ್ಯಾಮೆರಾ ಕೊಂಡಿದ್ದ, ಅವರದಕ್ಕಿಂತ ದೊಡ್ಡದು. ಬೆರಳ ತುದಿಯಿಂದ ಹಿಂದಿನ ಹಲ್ಲು ಕೆದಕುತ್ತ ಕೇಳಿಸಿಕೊಂಡ.

"ಕೊಂಬೆ ನಿಂತ್ರೆ ಆಯ್ತು ತಾನೇ, ಡಾಕ್ಟ್ರೇ? ಬಿಡಿ, ನೋಡೋಣ."

ಏನು ನೋಡುತ್ತೀ ಎಂದು ಡಾಕ್ಟರು ಕೇಳಲಿಲ್ಲ. ಅವನ ಬೆರಳು ಬಾಯಿಂದ ಹೊರಗೆ ಬಂದು ಮೇಜಿನ ಬಟ್ಟೆಗೆ ಒರೆಸಿಕೊಳ್ಳುವುದನ್ನು ನೋಡಲಾರದೆ ಎದ್ದು ಹೋದರು.

ಎರಡು ದಿನ ಕಳೆದು ಬೆಳಿಗ್ಗೆ ತಾರಸಿ ಹತ್ತಿದಾಗ ಅವರಿಗೆ ಎಲ್ಲವೂ ಒಲಿದು ಬಂದಂತಿತ್ತು. ಗೂಡಿನ ಮೇಲೆ ಬಿಸಿಲು ನೇರ ಬಿದ್ದಿತ್ತು. ಎಲೆ ಕಡಿಮೆಯಾದಂತಿದೆಯಲ್ಲ ಎಂದು ಒಮ್ಮೆ ಅನಿಸಿತು. ಅನಿಸಿದ್ದನ್ನು ಅವರು ಮುಂದಕ್ಕೆ ಬೆಳೆಯಗೊಡಲಿಲ್ಲ. ಬೆಳಕು ಹೆಚ್ಚಿದ್ದರಿಂದ ಕ್ಯಾಮೆರಾ ಕಣ್ಣು ಮಿಟುಕಿಸಿದರೆ ಸಾಕಿತ್ತು. ಕೊಂಬೆ ಸ್ವಲ್ಪವೂ ಅಲ್ಲಾಡುತ್ತಿರಲಿಲ್ಲ. ಹಕ್ಕಿ ಮಾತ್ರ ಯಾಕೋ ಬೇಗ ಬರಲಿಲ್ಲ, ಪಕ್ಕದ ಮರದಲ್ಲಿ ಕೂತು ಕೂಗಿಕೊಂಡಿತು. ಕಡೆಗೆ ಹಸಿವಿಗೆ ಸೋತ ಮರಿಗಳ ಕೂಗಿಗೆ ಬಂದು, ಕೊಕ್ಕಿನಲ್ಲಿದ್ದ ಹುಳವನ್ನು ಕೆಂಪು ಬಾಯೊಂದಕ್ಕೆ ತುರುಕಿತು. ಡಾಕ್ಟರು ಒತ್ತಿದರು.

ಪುಕ್ಕ ಪುಕ್ಕ ಎಣಿಸಬಹುದಿತ್ತು. ಕೊಕ್ಕಿನಲ್ಲಿ ಸಿಕ್ಕ ಹುಳದ ಮೈಮೇಲಿನ ರೋಮವೂ ಕಾಣುತ್ತಿತ್ತು. ಡಾಕ್ಟರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮೆಟ್ಟಿಲಿಳಿದು ಕ್ಲಿನಿಕ್ಕಿಗೇ ಹೋಗಿ, ರೋಗಿಗಳು ಬರುವ ಮೊದಲೇ, ಎಕ್ಸ್‌ರೇ ನೋಡುವ ದೊಡ್ಡ ಪರದೆಯ ಮೇಲೆ ಚಿತ್ರ ಹಾಕಿ ಮಗಳನ್ನು ಕರೆದರು.

ಅವಳು ನೋಡಿದಳು. ಮುಖ ಅರಳಿತು. ಪಂದ್ಯ ಸೋತದ್ದಕ್ಕೆ ಅವಳಿಗೆ ಬೇಸರವೇ ಆಗಲಿಲ್ಲ.

"ಮಾತು ಅಂದ್ರೆ ಮಾತು," ಎಂದಳು. "ಈಗ ಒಬ್ಬರು ದವಡೆ ಹಲ್ಲು ಕೀಳಿಸೋಕೆ ಬರ್ತಾರೆ. ಬೇರು ಸೊಟ್ಟಗಿದೆ. ನೀವೇ ತೆಗೀರಿ ಅಪ್ಪ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅವಳು ಚಿತ್ರವನ್ನು ಹಿಗ್ಗಿಸುತ್ತಿದ್ದಳು, ಹಲ್ಲಿನ ಬೇರು ಹುಡುಕುವ ಅಭ್ಯಾಸದಲ್ಲಿ. ಹಿಗ್ಗಿಸುತ್ತ ಅವಳ ಕೈ ನಿಂತಿತು.

"ಇದೊಂದು ಬಾಯಿ ತೆಗೆದಿಲ್ಲ."

ಉಳಿದ ಮರಿಗಳು ಕತ್ತು ಚಾಚಿ ಬಾಯಿ ಬಿಟ್ಟಿದ್ದವು. ಅವುಗಳ ಅಡಿಯಲ್ಲಿ ಒಂದರ ತಲೆ ಗೂಡಿನ ಅಂಚಿಗೆ ವಾಲಿತ್ತು. ಅದರ ಕಣ್ಣಿನ ಕುಳಿಯಲ್ಲಿ ಇರುವೆ ಮುತ್ತಿತ್ತು. ಕೊಕ್ಕಿನ ಸಂದಿಯಲ್ಲೂ ಇರುವೆ. ಕೊರಳಿನ ಬರಿ ಚರ್ಮ ಬಿಸಿಲಿಗೆ ಬೆಂದು ಕಪ್ಪಾಗಿ ಸುಕ್ಕುಗಟ್ಟಿತ್ತು. ಎಲ್ಲವೂ ಬಹಳ ಸ್ಪಷ್ಟವಾಗಿ ಬಂದಿತ್ತು. ಇರುವೆಗಳ ಕಾಲೂ ಬಂದಿದ್ದವು.

ಮಗಳು ಚಿತ್ರವನ್ನು ಪಕ್ಕಕ್ಕೆ ಸರಿಸಿದಳು. ಕೊಂಬೆಯ ತುದಿಗಳನ್ನೆಲ್ಲ ಯಾರೋ ಕತ್ತರಿಸಿದ್ದರು, ಗಾಯದಿಂದ ಹಸಿ ರಸ ಜಿನುಗುತ್ತಿತ್ತು. ಗೂಡಿನ ಕವಲಿನಿಂದ ಕೆಳಕ್ಕೆ ಬೆಳಕಿನ ಗೆರೆಯೊಂದು ಬಿಗಿಯಾಗಿ ಇಳಿದಿತ್ತು. ಮೀನು ಹಿಡಿಯುವ ಪಾರದರ್ಶಕ ದಾರ.

ಡಾಕ್ಟರಿಗೆ ಬಾಯಿಯಲ್ಲಿ ಹುಳಿ ನೀರು ಬಂತು. ಎಷ್ಟೋ ಬಾಯಿಗಳ ಮುಂದೆ ಆಗದ ವಾಕರಿಕೆ ಆ ಒಂದು ಮುಚ್ಚಿದ ಬಾಯಿಯ ಮುಂದೆ ಆಯಿತು. ಸಿಂಕಿಗೆ ಬಗ್ಗಿ ಕಾರಿಕೊಂಡರು, ಮುಖ ತೊಳೆದರು, ಮತ್ತೆ ತಾರಸಿಯ ಮೆಟ್ಟಿಲು ಹತ್ತಿದರು.

ಷಡ್ಡಕ ಅಷ್ಟರಲ್ಲೇ ಹೊರಗಿನ ಮೆಟ್ಟಿಲಿನಿಂದ ಬಂದು ತನ್ನ ದೊಡ್ಡ ಕ್ಯಾಮೆರಾ ಕೂರಿಸುತ್ತಿದ್ದ. ಮರಳಿನ ಚೀಲದ ಬದಲು ತನ್ನ ತಿಂಡಿಯ ಚೀಲ ತೂಗುಹಾಕಿದ್ದ.

"ಹೇಗೆ ಬಂತು ಡಾಕ್ಟ್ರೇ? ನೆನ್ನೆ ನೀವೆಲ್ಲ ಮದುವೆಗೆ ಹೋದಾಗ ಗಳುವಿಗೆ ಕತ್ತರಿ ಕಟ್ಟಿ ಎಲೆ ಸವರಿದೆ. ಏಣಿ ಹಾಕಿ ದಾರ ಬಿಗಿದೆ. ನೋಡಿ, ಕಟ್ಟೆಯಾಚೆಯ ಈ ನೀರಿನ ಪೈಪಿಗೇ ಕಟ್ಟಿದೀನಿ. ಹೇಳಿದ್ದೆನಲ್ಲ, ಕೊಂಬೆ ನಿಂತ್ರೆ ಆಯ್ತು ಅಂತ."

"ಒಂದು ಮರಿ ಸತ್ತಿದೆ. ಇರುವೆ ತಿಂತಿದೆ."

"ಫೋಟೊದಲ್ಲಿ ಅದನ್ನ ಅಳಿಸಿಬಿಡಬಹುದು. ಮೊಬೈಲಲ್ಲೇ ಆಗುತ್ತೆ." ಅವನು ಹಲ್ಲಿನ ಸಂದಿಯಿಂದ ಏನನ್ನೋ ನಾಲಿಗೆಯಲ್ಲಿ ಎಳೆದು ಉಗುಳಿದ. "ನಿಮಗೋಸ್ಕರ ಮಾಡಿದ್ದು. ನೀವೇ ತಾನೇ ದಿನಾ ಅಂತಿದ್ದದ್ದು."

ಅಷ್ಟೂ ನಿಜವೇ ಆದ್ದರಿಂದ ಡಾಕ್ಟರಿಗೆ ಅವನ ಮೇಲೆ ಇನ್ನಷ್ಟು ಹೇಸಿಗೆಯಾಯಿತು. ಅವನನ್ನು ಬೈಯಲು ಬಾಯಿ ತೆರೆದರೆ ಬೈಗುಳ ತಮ್ಮ ಮೇಲೇ ಬೀಳುತ್ತಿತ್ತು. ಎಲೆ ಕಡಿಮೆಯಾಗಿರುವುದನ್ನು ಕಂಡೂ ಕಾಣದಂತೆ ಒತ್ತಿದ ಬೆರಳು ಯಾರದು?

ಗಾಳಿ ಎದ್ದಿತ್ತು. ಮರದ ನೆತ್ತಿಯೆಲ್ಲ ಬಾಗಿ ಏಳುತ್ತಿತ್ತು. ಆ ಒಂದು ಕೊಂಬೆಗೆ ಮಾತ್ರ ಬಾಗುವ ದಾರಿಯಿರಲಿಲ್ಲ. ಮರ ಒಂದು ಕಡೆ ಎಳೆದರೆ ದಾರ ಇನ್ನೊಂದು ಕಡೆ ಹಿಡಿಯುತ್ತಿತ್ತು. ಕವಲಿನ ಬುಡದಲ್ಲಿ ತೊಗಟೆ ಸೀಳಿ ಬಿಳಿ ಕಾಣುತ್ತಿತ್ತು. ಗೂಡಿನ ಒಂದು ಮಗ್ಗುಲ ನಾರು ಕಿತ್ತು ಜೋತಾಡುತ್ತಿತ್ತು. ದಾರ ಹಾಗೇ ಕತ್ತರಿಸಿದರೆ ಕೊಂಬೆ ಚಿಮ್ಮಿ ಮರಿಗಳನ್ನೆಲ್ಲ ಎಸೆಯುತ್ತದೆ. ಪೈಪಿನಿಂದ ಗಂಟು ಬಿಚ್ಚಿ, ದಾರವನ್ನು ಕೈಯಲ್ಲಿ ಹಿಡಿದು, ಚೂರು ಚೂರೇ ಬಿಡಬೇಕು.

ಡಾಕ್ಟರು ಗಂಟು ಬಿಚ್ಚಿದರು. ದಾರವನ್ನು ಬಲಗೈಗೆ ಒಂದು ಸುತ್ತು ಸುತ್ತಿಕೊಂಡು ಹಿಡಿದರು.

ಗೂಡು ನಡುಗತೊಡಗಿತು.

ಅದು ಗಾಳಿಯಲ್ಲ. ಗಾಳಿ ಬಂದು ಹೋಗುತ್ತದೆ, ಇದು ಬಿಡದೆ ಸಣ್ಣಗೆ ಒಂದೇ ಸಮನೆ. ಡಾಕ್ಟರು ತಮ್ಮ ಕೈ ನೋಡಿದರು, ಗೂಡು ನೋಡಿದರು. ಬಿಗಿದ ದಾರದ ಈ ತುದಿಯಲ್ಲಿ ಏನಾಗುತ್ತಿತ್ತೋ ಆ ತುದಿಯಲ್ಲೂ ಅದೇ ಆಗುತ್ತಿತ್ತು. ಮರಿಗಳು ಕಾಲೂರಲಾರದೆ ಒಂದರ ಮೇಲೊಂದು ಬಿದ್ದು ಕಿರುಚಿದವು. ಎಡಗೈಯಿಂದ ಬಲಗೈಯನ್ನು ಅದುಮಿ ಹಿಡಿದರು, ನಡುಕ ಹೆಚ್ಚಿತು. ಮೊಣಕೈಯನ್ನು ಕಟ್ಟೆಯ ಮೇಲೆ ಊರಿದರು, ಪಕ್ಕೆಯನ್ನು ಗೋಡೆಗೆ ಒತ್ತಿದರು, ಉಸಿರು ಹಿಡಿದರು. ಕ್ಯಾಮೆರಾಕ್ಕೆ ಕಲಿಸಿದ್ದ ಯಾವ ಆಸರೆಯೂ ಕೈಗೆ ಬರಲಿಲ್ಲ. ಗೂಡಿನ ಕಿತ್ತ ಮಗ್ಗುಲಿನಿಂದ ಒಂದು ಮರಿ ಜಾರಿತು. ರೆಕ್ಕೆಯಾಗದ ತೋಳುಗಳನ್ನು ಬಡಿಯುತ್ತ ಎಲೆಗಳ ನಡುವೆ ಬಿತ್ತು.

"ಅಲ್ಲಾಡಿಸಬೇಡ್ರೀ," ಎಂದ ಷಡ್ಡಕ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ಎಲ್ಲ ಮಸುಕಾಗ್ತಿದೆ."

ಡಾಕ್ಟರು ಅವನ ಕಡೆ ನೋಡಲಿಲ್ಲ. ಮಗಳ ಹೆಸರು ಹಿಡಿದು ಕೂಗಿದರು. ಅವಳು ಆಗಲೇ ಮೆಟ್ಟಿಲಿನ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ.

"ಬಾ, ಹಿಡ್ಕೋ," ಎಂದರು. "ನನ್ನ ಕೈಯಲ್ಲಿ ಆಗ್ತಿಲ್ಲ."

ಅವಳು ಅವರ ಕೈಯ ಮೇಲೆ ತನ್ನ ಕೈ ಇಟ್ಟು, ಸುತ್ತು ಬಿಡಿಸಿ ದಾರ ತೆಗೆದುಕೊಂಡಳು. ಅವಳ ಕೈಗೆ ಬಂದದ್ದೇ ಗೂಡು ನಿಂತಿತು. ಅವಳು ತುಟಿ ಕಚ್ಚಿ, ಬೆರಳುಗಳ ನಡುವಿನಿಂದ ದಾರವನ್ನು ಸಣ್ಣಸಣ್ಣಗೆ ಬಿಟ್ಟಳು. ಕೊಂಬೆ ಮೆಲ್ಲಗೆ ಮೇಲೆದ್ದು, ತನ್ನ ಜಾಗಕ್ಕೆ ಹೋಗಿ, ಉಳಿದ ಕೊಂಬೆಗಳ ಜೊತೆ ಗಾಳಿಗೆ ತೂಗತೊಡಗಿತು. ಗೂಡು ವಾಲಿಕೊಂಡೇ ಅದರ ಜೊತೆ ತೂಗಿತು. ಅದರೊಳಗೆ ಇನ್ನೂ ಎರಡು ಬಾಯಿಗಳು ತೆರೆದಿದ್ದವು.

"ಇನ್ನೇನು ತೆಗೆಯೋದು, ಮಣ್ಣು," ಎಂದು ಷಡ್ಡಕ ಟ್ರೈಪಾಡು ಮಡಚಿದ. ಆ ಫೋಟೊದ ಒಂದು ಪ್ರತಿ ತನಗೂ ಕಳಿಸಿ ಎಂದು ಹೇಳಿ, ತಿಂಡಿಯ ಚೀಲ ಎತ್ತಿಕೊಂಡು ಹೋದ.

ಮಗಳು ಸಡಿಲವಾದ ದಾರವನ್ನು ಕಟ್ಟೆಯಿಂದಾಚೆ ಕೈಗೆಟುಕುವಷ್ಟು ದೂರದಲ್ಲಿ ಕತ್ತರಿಸಿದಳು. ಪಂದ್ಯದ ಮಾತೆತ್ತಲಿಲ್ಲ. ಕೆಳಗೆ ಕ್ಲಿನಿಕ್ಕಿನ ಕರೆಗಂಟೆ ಸದ್ದು ಮಾಡಿತು.

"ದವಡೆ ಹಲ್ಲಿನವರು ಬಂದ್ರು ಅನಿಸುತ್ತೆ," ಎಂದಳು. ಹೇಳಿ ನಿಂತಳು.

"ಹೋಗಿ ತೆಗಿ," ಎಂದರು ಡಾಕ್ಟರು. "ಬೇರು ಸೊಟ್ಟಗಿದೆ, ಅವಸರ ಮಾಡಬೇಡ. ಆ ಮರಿ ಎಲ್ಲಿ ಬಿತ್ತೋ ನಾನು ನೋಡ್ಕೊಂಡು ಬರ್ತೀನಿ."