ಗೋಲಿನ ಹಿಂದೆ ನಿಲ್ಲುವ ಡಾಕ್ಟರು

ಆಡುತ್ತಿದ್ದ ಮಾತನ್ನು ನಡುವೆಯೇ ನುಂಗಿ, ಎಷ್ಟೋ ಹೊತ್ತಿನ ಮೇಲೆ ಅದರ ಉಳಿದರ್ಧವನ್ನು ಏನೂ ಆಗಿಲ್ಲವೆಂಬಂತೆ ಮುಂದುವರಿಸಬಲ್ಲ ಮನುಷ್ಯರಲ್ಲಿ ನಾನು ಕಂಡದ್ದು ಒಬ್ಬರನ್ನೇ. ಅವರು ನಮ್ಮ ಟೋರ್ನ್‌ಬೆಕ್ ಊರಿನ ನಿವೃತ್ತ ದಂತವೈದ್ಯರಾದ ಏಗೊನ್ ಬುಂಡ್‌ಗೋರ್. ಶನಿವಾರ ಮಧ್ಯಾಹ್ನ ನಮ್ಮ ಮೈದಾನದಲ್ಲಿ ಫುಟ್ಬಾಲ್ ಪಂದ್ಯವಿದ್ದರೆ ಊರೆಲ್ಲ ಪಕ್ಕದ ದಿಬ್ಬದ ಮೇಲೆ ನೆರೆಯುತ್ತದೆ. ಡಾಕ್ಟರು ಮಾತ್ರ ಎದುರಾಳಿಗಳ ಗೋಲಿನ ಬಲೆಯ ಹಿಂದೆ ಹೋಗಿ ನಿಂತು, ಅಲ್ಲಿ ಕಾವಲಿರುವ ಪರವೂರಿನ ಕೀಪರನೊಡನೆ ಮಾತಿಗಿಳಿಯುತ್ತಾರೆ. ಬೈಗುಳವಲ್ಲ, ಕುಹಕವಲ್ಲ, ಶುದ್ಧ ಕುಶಲೋಪರಿ. ಚೆಂಡು ಮೈದಾನದ ಆಚೆಯರ್ಧದಲ್ಲಿರುವವರೆಗೆ ಮಾತು ಹರಿಯುತ್ತದೆ. ಅದು ನಡುಗೆರೆ ದಾಟಿ ಈಚೆಗೆ ಬಂದಿತೋ, ಡಾಕ್ಟರ ಬಾಯಿಗೆ ಬೀಗ. "ಅಲ್ಲಯ್ಯಾ, ನಿಮ್ಮಮ್ಮ ಈ ವರ್ಷ ಆಲೂಗಡ್ಡೆ ಹಾಕಿದ್ಮೇಲೆ ಅದಕ್ಕೆ" ಎಂದವರು ಅಲ್ಲಿಗೇ ನಿಲ್ಲುತ್ತಾರೆ. ನಮ್ಮ ಹುಡುಗರು ನುಗ್ಗುತ್ತಾರೆ, ಕೀಪರ್ ನೆಗೆಯುತ್ತಾನೆ, ಕಾರ್ನರ್ ಆಗುತ್ತದೆ, ಗದ್ದಲವೇಳುತ್ತದೆ, ಕಡೆಗೆ ಯಾರೋ ಚೆಂಡನ್ನು ದೂರ ಒದೆಯುತ್ತಾರೆ, ಅದು ನಡುಗೆರೆ ದಾಟಿದ್ದೇ ತಡ, "ಮಣ್ಣು ಏರಿಸಿದ್ರೋ ಇಲ್ವೋ?" ಎಂಬ ಉಳಿದರ್ಧ ಹೊರಬೀಳುತ್ತದೆ.

ಈ ಶಿಸ್ತನ್ನು ಅವರಿಗೆ ಯಾರೂ ವಿಧಿಸಿದ್ದಲ್ಲ. ಒಮ್ಮೆ ನಾನೇ ಕೇಳಿದ್ದೆ. "ಚೆಂಡು ಹತ್ರ ಬಂದಾಗ ಮಾತಾಡಿಸಿದ್ರೆ ಅದು ಮೋಸ ಆಗತ್ತೆ ಮೇಷ್ಟ್ರೇ. ಆದ್ರೆ ಮಿಕ್ಕ ಹೊತ್ತೆಲ್ಲ ಆ ಹುಡುಗ ಒಬ್ಬನೇ ನಿಂತಿರ್ತಾನಲ್ಲ, ಅದನ್ನ ನೋಡಿಕೊಂಡು ಸುಮ್ಮನಿರೋದು ಹೇಗೆ?" ಎಂದರು. ಹನ್ನೊಂದು ಜನರ ಆಟದಲ್ಲಿ ಒಬ್ಬನನ್ನು ಗಾಳಿಗೆ ಒಡ್ಡಿ ನಿಲ್ಲಿಸಿರುವುದು ಅವರಿಗೆ ಮೊದಲಿಂದಲೂ ಒಪ್ಪಿಗೆಯಾಗದ ವಿಷಯ.

ಜೀವಮಾನವಿಡೀ ಊರಿನವರ ಬಾಯಿಯ ಮೇಲೆ ಬಾಗಿ ದುಡಿದದ್ದರಿಂದ ಅವರ ದೇಹ ಸೊಂಟದಿಂದ ಮುಂದಕ್ಕೂ ಒಂದಿಷ್ಟು ಎಡಕ್ಕೂ ವಾಲಿದೆ. ನಡೆದು ಬರುವಾಗ ಎದುರಿಗೆ ಸಿಕ್ಕವರ ದವಡೆಯನ್ನು ಈಗಲೇ ಪರೀಕ್ಷಿಸುವವರಂತೆ ಕಾಣುತ್ತಾರೆ. ಮೈಮೇಲೆ ವರ್ಷದ ಎಲ್ಲ ಋತುವಿನಲ್ಲೂ ಸಾಸಿವೆ ಬಣ್ಣದ ಒಂದು ಮಳೆಕೋಟು. ಅದರ ಅಂಚು ಹುಲ್ಲಿಗೆ ತಾಗುತ್ತದೆ. ತಂದವರು ಹೆಂಡತಿ ಗೆರ್ಡಾ. ಉದ್ದವಾಯಿತೆಂದು ಗಂಡ ದೂರಿದ್ದಕ್ಕೆ ಆಕೆ, "ಕೋಟು ಸರಿಯಾಗೇ ಇದೆ, ನೀವು ಮೊದಲು ನೆಟ್ಟಗೆ ನಿಂತ್ಕೊಳ್ಳಿ" ಎಂದರಂತೆ. ಅವರು ನೆಟ್ಟಗೆ ನಿಲ್ಲಲಿಲ್ಲ, ಕೋಟು ಗಿಡ್ಡವಾಗಲಿಲ್ಲ. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯದಿರುವುದೂ ವೃತ್ತಿಯಿಂದ ಬಂದ ಅಭ್ಯಾಸವೇ. ಬಾಯಲ್ಲಿ ಹತ್ತಿ ತುರುಕಿಸಿಕೊಂಡವರು ಉತ್ತರಿಸುವುದಾದರೂ ಎಂತು? ಕುರ್ಚಿ ಬಿಟ್ಟು ಏಳಲಾಗದ ರೋಗಿಗಳು ಹೋದ ಮೇಲೆ, ಗೋಲು ಬಿಟ್ಟು ಕದಲಲಾಗದ ಕೀಪರುಗಳು ಅವರ ಪಾಲಿಗೆ ಒದಗಿದರು. ಮನೆಯಲ್ಲಿ ಮಾತನಾಡಬಾರದೇ ಎಂದರೆ, "ಮನೇಲಿ ನನ್ನ ಸರದಿ ಬರೋದೇ ಇಲ್ವಲ್ಲ" ಎಂದು ಗೆರ್ಡಾಗೆ ಕೇಳಿಸುವಂತೆಯೇ ಹೇಳುತ್ತಾರೆ. ವಾರವೆಲ್ಲ ಕೂಡಿಟ್ಟ ಮಾತಿಗೆ ಆ ಬಲೆಯ ಹಿಂದಿನ ತುಂಡು ಹುಲ್ಲೇ ನೆಲೆ.

ಶಾಲೆಯಲ್ಲಿ ಇತಿಹಾಸ ಕಲಿಸುವ ನನಗೆ ನಮ್ಮ ಕ್ಲಬ್ಬಿನ ನೂರು ವರ್ಷದ ಚರಿತ್ರೆ ಬರೆಯುವ ಕೆಲಸ ಅಂಟಿಕೊಂಡಿದೆ. ಅಂಟಿಸಿದವಳು ಕ್ಲಬ್ಬಿನ ಅಧ್ಯಕ್ಷೆ ಬೋಡಿಲ್. ಸಸಿಗಳ ವ್ಯಾಪಾರ ಮಾಡುವವಳು, ನನ್ನ ಜೊತೆಗೇ ಓದಿದವಳು. "ಗೆದ್ದ ಕಪ್ಪುಗಳ ಬಗ್ಗೆ ಚೆನ್ನಾಗಿ ಬರಿ" ಎಂದಳು. "ಇರೋದೇ ಎರಡು. ಒಂದರಲ್ಲಿ ನೀನೇ ಸಕ್ಕರೆ ತುಂಬಿಟ್ಟಿದೀಯ" ಎಂದೆ. ಊರಿನ ಹಾಲಿನ ಡೈರಿಯ ಕೆಲಸಗಾರರು ಅದರ ಹಿಂದಿನ ಹುಲ್ಲುಗಾವಲಿನಲ್ಲಿ ಕಟ್ಟಿದ ಕ್ಲಬ್ಬು ಇದು. ಮೊದಲ ಅಂಗಿಗಳು ಡೈರಿಯವೇ ಆದ್ದರಿಂದ ಇಂದಿಗೂ ನಮ್ಮ ಬಣ್ಣ ಬಿಳಿ. ಸುತ್ತಲಿನ ಊರಿನವರು ನಮ್ಮನ್ನು 'ಮಜ್ಜಿಗೆ' ಎಂದು ಹಂಗಿಸಿದರು, ನಮ್ಮ ಅಜ್ಜಂದಿರು ಅದಕ್ಕೆ ಕೈಕೈ ಮಿಲಾಯಿಸಿದರು, ಅಪ್ಪಂದಿರು ಹಲ್ಲು ಕಚ್ಚಿದರು, ನಾವೋ ದಿಬ್ಬದ ಮೇಲೆ ನಿಂತು "ಮಜ್ಜಿಗೆ! ಮಜ್ಜಿಗೆ!" ಎಂದು ನಾವೇ ಕೂಗಿಕೊಳ್ಳುತ್ತೇವೆ. ಚರಿತ್ರೆ ಎಂದರೆ ಇಷ್ಟೇ. ಉಳಿದದ್ದೆಲ್ಲ ಫ್ಯೋರ್ಡ್ ಎಂಬ ಕಡಲ ಚಾಚಿನ ಕಡೆಯಿಂದ ಬೀಸುವ ಗಾಳಿ, ಮತ್ತು ಡಾಕ್ಟರು.

ಕೆನ್ನೆ ಊದಿಸಿಕೊಂಡು ಬಂದಿದ್ದ ಒಬ್ಬ ಕೀಪರನ ಕಥೆಯನ್ನು ಇಲ್ಲಿ ಹೇಳದಿದ್ದರೆ ಡಾಕ್ಟರಿಗೆ ಅಪಚಾರವಾದೀತು. ಆ ಊತವನ್ನು ಕಂಡ ಮೇಲೆ ಅವರಿಗೆ ತಡೆದುಕೊಳ್ಳಲಾಗಲಿಲ್ಲ. ಚೆಂಡು ಆಚೆ ತುದಿಯಲ್ಲಿದ್ದಾಗ, "ಎಲ್ಲಿ, ಬಾ ಇಲ್ಲಿ, ಆ ಅನ್ನು" ಎಂದರು. ಅವನು ಬಲೆಗೆ ಮುಖವೊತ್ತಿ ಬಾಯಿ ತೆರೆದ. ಇವರು ಜೇಬಿನ ಪುಟ್ಟ ಟಾರ್ಚು ಹಾಕಿ ಇಣುಕಿದರು. ಅಷ್ಟರಲ್ಲಿ ಚೆಂಡು ನಡುಗೆರೆ ದಾಟಿತು, ಡಾಕ್ಟರು ನಿಯಮದಂತೆ ಮೌನಿಯಾದರು. ಪಾಪ ಹುಡುಗ, ರೋಗ ಗಹನವಾದದ್ದೇ ಇರಬೇಕೆಂದು ಇನ್ನಷ್ಟು ಅಗಲವಾಗಿ ಬಾಯಿ ತೆರೆದ. ತೆರೆದ ಗೋಲಿನ ಮುಂದೆ ನಮ್ಮ ಆಟಗಾರನಿಗೆ ನಗು ತಡೆಯಲಾಗದೆ ಚೆಂಡು ಬೇಲಿಯಾಚೆ ಹೋಯಿತು. ಪಂದ್ಯ ಮುಗಿದ ಮೇಲೆ ಡಾಕ್ಟರು ಮುಚ್ಚಿದ್ದ ತಮ್ಮ ಹಳೆಯ ಕೋಣೆಯ ಬೀಗ ತೆಗೆದು ಆ ಹಲ್ಲನ್ನು ಸರಿಪಡಿಸಿಯೇ ಅವನನ್ನು ಬಸ್ಸು ಹತ್ತಿಸಿದರು. ಅಂದಿನಿಂದ ನಮ್ಮ ಪಶ್ಚಿಮ ಯೂಲಂಡ್ ಸೀಮೆಯ ಕೀಪರುಗಳಲ್ಲೆಲ್ಲ ಒಂದು ತಿಳಿವಳಿಕೆ ಹಬ್ಬಿತು: ಟೋರ್ನ್‌ಬೆಕ್‌ನಲ್ಲಿ ಚೆಂಡನ್ನು ಹುಡುಕುತ್ತ ಕಣ್ಣು ನೋಯಿಸಿಕೊಳ್ಳಬೇಕಾಗಿಲ್ಲ, ಮುದುಕ ಬಾಯಿ ಮುಚ್ಚಿದನೆಂದರೆ ಚೆಂಡು ಬರುತ್ತಿದೆ.

ಕಳೆದ ವರ್ಷ ಯಾವ ಗ್ರಹಗತಿಯೋ, ನಮ್ಮ ಹುಡುಗರು ಗೆಲ್ಲತೊಡಗಿದರು. ವಸಂತ ಬರುವ ಹೊತ್ತಿಗೆ ಲೀಗಿನ ಮೇಲಿನ ವಿಭಾಗಕ್ಕೆ ಏರುವ ಮಾತು ಊರಿನ ಬೇಕರಿಯಲ್ಲೂ ಕೇಳಿಬಂತು. ಆಗ ಕ್ಲಬ್ಬಿನ ವಾರ್ಷಿಕ ಸಭೆಯಲ್ಲಿ, ಕಾಫಿ ಮತ್ತು ಕೇಕಿನ ನಡುವೆ, ಬೋಡಿಲ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡಳು. ಮೇಲಿನ ವಿಭಾಗದಲ್ಲಿ ಆಡಬೇಕಾದರೆ ಗೋಲುಗಳ ಹಿಂದೆ ಯಾರೂ ನಿಲ್ಲುವಂತಿಲ್ಲ, ಅಲ್ಲಿ ಎತ್ತರದ ಬೇಲಿ ಹಾಕಿಸಬೇಕು, ಪ್ರೇಕ್ಷಕರು ಪಕ್ಕದಲ್ಲಷ್ಟೇ ಇರಬೇಕು. ಹೇಳುವಾಗ ಅವಳು ಡಾಕ್ಟರ ಕಡೆ ನೋಡಲಿಲ್ಲ, ಉಳಿದವರೆಲ್ಲ ನೋಡಿದರು.

"ಹಾಗಾದ್ರೆ ಕೆಳಗೇ ಇದ್ಬಿಡೋಣ ಬಿಡಿ. ಡಾಕ್ಟ್ರಿಗಿಂತ ಮೇಲೆ ಹೋಗೋದು ದೊಡ್ಡದಾ?" ಎಂದು ಮಾಂಸದಂಗಡಿಯ ಕಾಯ್ ಅರ್ಧ ತಮಾಷೆಗೆ ಕೂಗಿದ. ಅರ್ಧ ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ.

ಡಾಕ್ಟರು ಎದ್ದರು. "ನಿನ್ನ ಬಾಯಿ ಚಿಕ್ಕಂದಿನಿಂದ ನೋಡಿದೀನಿ ಕಾಯ್, ಅದರಿಂದ ಒಳ್ಳೇದು ಬಂದಿದ್ದು ಬರೀ ಎರಡು ದವಡೆ ಹಲ್ಲು. ನಾನು ನಿಲ್ಲೋ ಜಾಗಕ್ಕೋಸ್ಕರ ಆ ಹುಡುಗರು ಕೆಳಗೆ ಕೂತಿರ್ಬೇಕಾ? ನಾಚಿಕೆ ಆಗಲ್ವಾ ನಿಂಗೆ?" ಹೀಗೆಂದು ಬೇಲಿಯ ಪರವಾಗಿ ಎಲ್ಲರಿಗಿಂತ ಮೊದಲು ಕೈಯೆತ್ತಿದರು. ನನಗೆ ಸಿಟ್ಟು ಬಂತು. ಮನೆಗೆ ಹೋಗುವ ದಾರಿಯಲ್ಲಿ, "ನಿಮಗೆ ಬೇಜಾರಿಲ್ವಾ?" ಎಂದು ಜಗಳಕ್ಕೆ ನಿಂತವನಂತೆ ಕೇಳಿದೆ. "ಇದೆ. ತುಂಬಾ ಇದೆ" ಎಂದಷ್ಟೇ ಹೇಳಿ, ಕೋಟಿನ ಜೇಬಿನಿಂದ ಲಿಕ್ಕರಿಸ್ ಎಂಬ ಉಪ್ಪುಪ್ಪಾದ ಕಪ್ಪು ಮಿಠಾಯಿ ತೆಗೆದು ನನ್ನ ಕೈಗಿತ್ತರು. ಹಲ್ಲಿಗೆ ಕೇಡಾದ ಆ ಪದಾರ್ಥವನ್ನು ದಂತವೈದ್ಯರೊಬ್ಬರು ಊರಿಗೆಲ್ಲ ಹಂಚುವುದೇ ಒಂದು ಸೋಜಿಗ.

ಕಡೆಯ ಪಂದ್ಯ ಓಸ್ಟರ್‌ವಿಗ್ ಊರಿನವರ ಮೇಲೆ. ಗೆದ್ದರೆ ನಾವು ಮೇಲಕ್ಕೆ. ಸಮವಾದರೂ ಸಾಕು, ಅವರು ಮೇಲಕ್ಕೆ. ಅವರ ಕೀಪರ್ ಮಲ್ಟೆ ಎಳೆಯ ವಯಸ್ಸಿನವನಾದರೂ ನಮ್ಮಲ್ಲಿಗೆ ಹಲವು ಸಲ ಬಂದುಹೋಗಿದ್ದ. ಡಾಕ್ಟರಿಗೆ ಅವನ ಅಮ್ಮನ ತೋಟದಿಂದ ಹಿಡಿದು ಅವನ ಮುರಿದುಬಿದ್ದ ನಿಶ್ಚಿತಾರ್ಥದವರೆಗೆ ಎಲ್ಲವೂ ಗೊತ್ತು. ಅವನು ಬಲೆಯ ಬಳಿ ಬರುತ್ತಲೇ "ನಮಸ್ಕಾರ ಡಾಕ್ಟ್ರೇ" ಎಂದ. ಡಾಕ್ಟರು ತಲೆಯಾಡಿಸಿದರು. ಆಟ ಶುರುವಾಯಿತು, ಚೆಂಡು ಆಚೆ ಹೋಯಿತು. ಡಾಕ್ಟರು ಮಾತನಾಡಲಿಲ್ಲ.

ದಿಬ್ಬದ ಮೇಲಿದ್ದ ನಮಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದದ್ದು ಮಲ್ಟೆಯ ಆಟದಿಂದ. ಬಲೆಯ ಹಿಂದೆ ಮೌನವಿದ್ದರೆ ಚೆಂಡು ಬರುತ್ತಿದೆ ಎಂದು ಅವನ ಮೈಗೆ ರೂಢಿಯಾಗಿತ್ತಲ್ಲ, ಈಗ ಮೌನ ಮುರಿಯಲೇ ಇಲ್ಲವಾದ್ದರಿಂದ ಅವನು ಒಂದು ಗಳಿಗೆಯೂ ಸಡಿಲಾಗದೆ, ಮಂಡಿ ಬಾಗಿಸಿ, ಕೈ ಚಾಚಿಕೊಂಡೇ ನಿಂತ, ಬಂದದ್ದನ್ನೆಲ್ಲ ಹಿಡಿದ. ನಮ್ಮವರು ಒದ್ದ ಒಂದೊಂದು ಚೆಂಡಿಗೂ ಅವನ ಕೈ ಮೊದಲೇ ಹೋಗಿರುತ್ತಿತ್ತು.

ಬೋಡಿಲ್ ನನ್ನ ತೋಳು ಹಿಡಿದು ಅಲುಗಿಸಿದಳು. "ಹೋಗಿ ಅವ್ರಿಗೆ ಮಾತಾಡಿ ಅಂತ ಹೇಳೋ! ಸುಮ್ನಿದ್ದು ಸುಮ್ನಿದ್ದೇ ನಮ್ಮನ್ನ ಸೋಲಿಸ್ತಾ ಇದಾರೆ!"

ವಿರಾಮದಲ್ಲಿ ಡಾಕ್ಟರು ಎಂದಿನಂತೆ ಕೋಟನ್ನು ಹುಲ್ಲಿನ ಮೇಲೆ ಎಳೆಯುತ್ತ ಇನ್ನೊಂದು ಗೋಲಿನತ್ತ ಹೊರಟಿದ್ದರು. ನಾನು ಅಡ್ಡಹಾಕಿ ವಿಷಯ ತಿಳಿಸಿದೆ. ಅವರು ತಲೆಯಲ್ಲಾಡಿಸಿದರು, ಆಗುವುದಿಲ್ಲವೆಂದು. ಮುಖ ಬಿಳಿಚಿತ್ತು.

ಎರಡನೆಯ ಅರ್ಧದಲ್ಲಿ ಗಾಳಿ ನಮ್ಮ ಬೆನ್ನಿಗಿತ್ತು, ಗೋಲು ಮಾತ್ರ ಇಲ್ಲ. ಆಟ ಮುಗಿಯುತ್ತ ಬಂದಿತ್ತು. ಚೆಂಡು ಮೈದಾನದ ಆಚೆಯರ್ಧದಲ್ಲಿ, ನಮ್ಮ ಎಡಪಕ್ಕದ ಆಟಗಾರ ಸೋರನ್‌ನ ಕಾಲಲ್ಲಿತ್ತು. ಆಗ ಮಲ್ಟೆಗೆ ಇನ್ನು ತಾಳಲಾಗಲಿಲ್ಲ. ಗೋಲಿಗೆ ಬೆನ್ನಾಗಿರಬೇಕಾದವನು ಮೈದಾನಕ್ಕೇ ಬೆನ್ನು ತಿರುಗಿಸಿ, ಬಲೆ ಹಿಡಿದು ಕೇಳಿದ:

"ಡಾಕ್ಟ್ರೇ, ಏನಾಗಿದೆ ನಿಮಗೆ? ಎದೆನೋವಾ? ಯಾರನ್ನಾದ್ರೂ ಕರೀಲಾ?"

ಅಷ್ಟು ಆರ್ತನಾಗಿ ಕೇಳಿದ ಮಗುವಿಗೆ ಉತ್ತರಿಸದೆ ಇರುವುದು ಏಗೊನ್ ಬುಂಡ್‌ಗೋರ್ ಅವರಿಂದ ಸಾಧ್ಯವೇ? "ಇಲ್ಲ ಕಣೋ ಮಗಾ, ನಾನು ಹುಷಾರಾಗೇ" ಎಂದರು. ಅದೇ ಕ್ಷಣದಲ್ಲಿ ಸೋರನ್ ದಿಕ್ಕುಗೆಟ್ಟವನಂತೆ ಬೀಸಿ ಒದ್ದಿದ್ದ. ಗಾಳಿ ಆ ಚೆಂಡನ್ನು ಎತ್ತಿಕೊಂಡು ಬಂತು. ಅದು ನಡುಗೆರೆಯ ನೆತ್ತಿಯ ಮೇಲೆ ಹಾದದ್ದನ್ನು ಡಾಕ್ಟರು ಕಂಡರು, ಮತ್ತು ಅವರ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ಮಲ್ಟೆಗೆ ಅರ್ಥವಾಯಿತು. ಅವನು ತಿರುಗಿದ, ನೆಗೆದ, ಬೆರಳ ತುದಿ ತಾಗಿಸಿದ ಕೂಡ. ಚೆಂಡು ಅವನನ್ನು ದಾಟಿ ಬಂದು ಡಾಕ್ಟರ ಹೊಟ್ಟೆಯ ಎದುರಿಗೆ ಬಲೆಯನ್ನು ಉಬ್ಬಿಸಿತು.

"ಇದೀನಿ" ಎಂದರು ಡಾಕ್ಟರು, ಅಳುತ್ತ.

ದಿಬ್ಬದ ಮೇಲೆ ಏನಾಯಿತೆಂದು ವರ್ಣಿಸಲು ಇತಿಹಾಸದ ಮೇಷ್ಟರಿಗೆ ಶಕ್ತಿ ಸಾಲದು. ಕಾಯ್ ನನಗೆ ಮುತ್ತಿಟ್ಟ. ಬೋಡಿಲ್ ನನ್ನ ಟೋಪಿಯನ್ನು ಗಾಳಿಗೆ ತೂರಿದಳು, ಅದು ಇನ್ನೂ ಸಿಕ್ಕಿಲ್ಲ. ಸಂಜೆ ಕ್ಲಬ್ಬಿನ ಮನೆಯಲ್ಲಿ ಬಿಯರು, ಸಾಸೇಜುಗಳ ಆವಿಯ ನಡುವೆ ಸೋತ ಮಲ್ಟೆ ತನ್ನ ತಂಡದ ಬಸ್ಸನ್ನು ಹೊರಗೆ ಕಾಯಿಸಿ ಡಾಕ್ಟರ ಪಕ್ಕದಲ್ಲಿ ಕುಳಿತಿದ್ದ.

"ಒಂದ್ಮಾತು ಆಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದ. "ನಿಮಗೇನೋ ಆಗಿದೆ ಅಂತ ನನ್ನ ಜೀವಾನೇ ಹೋಗಿತ್ತು."

ಡಾಕ್ಟರು ಲೋಟವನ್ನು ಕೆಳಗಿಟ್ಟರು. "ನಮ್ಮವ್ರು ಸೋಲ್ಲಿ ಅಂತ ನನ್ನ ಮನಸ್ಸಿನ ಒಂದು ಮೂಲೇಲಿ ಇತ್ತು ಕಣೋ. ಸೋತ್ರೆ ನಾನು ನಿಲ್ಲೋ ಜಾಗ ಉಳಿಯತ್ತಲ್ಲ. ಬಾಯಿ ಬಿಟ್ಟರೆ ನಿನಗೆ ಸಹಾಯ ಆಗೋ ಥರ ಏನಾದ್ರೂ ಮಾತು ಬಂದ್ಬಿಟ್ರೆ? ಅದಕ್ಕೇ ಕಚ್ಚಿ ಹಿಡಿದಿದ್ದೆ."

ಮಲ್ಟೆ ಬಿದ್ದು ಬಿದ್ದು ನಗತೊಡಗಿದ. ಅವನ ನಗು ಇಡೀ ಕೋಣೆಗೆ ಹತ್ತಿತು, ಗೆರ್ಡಾ ಕಣ್ಣೊರೆಸಿಕೊಳ್ಳುತ್ತ, "ಇವ್ರು ಸುಮ್ನಿದ್ರೆ ಊರೇ ಉದ್ಧಾರ ಆಗತ್ತೆ ಅಂತ ನಾನು ಮೊದಲಿಂದ ಹೇಳ್ತಾ ಇರ್ಲಿಲ್ವಾ?" ಎಂದರು.

ಬೇಲಿ ಬಂದಿದೆ. ಗೋಲಿನ ಹಿಂದಿನ ಹುಲ್ಲು ಈಗ ತುಳಿಯುವವರಿಲ್ಲದೆ ಸೊಂಪಾಗಿ ಬೆಳೆದಿದೆ. ಅದನ್ನು ನೋಡಿದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಡಾಕ್ಟರು ದಿಬ್ಬದ ಕಟ್ಟಕಡೆಯ ಮೂಲೆಯಲ್ಲಿ ನಿಲ್ಲುತ್ತಾರೆ. ಆದರೆ ಹೊಸ ವಿಭಾಗದ ಮೊದಲ ಪಂದ್ಯಕ್ಕೆ ಬಂದ, ನಾವು ಹೆಸರೂ ಕೇಳಿರದ ಊರಿನ ಕೀಪರೊಬ್ಬ ಆಟಕ್ಕೆ ಮುಂಚೆ ಕೈಗವಸು ಕಳಚುತ್ತ ನೇರ ಆ ಮೂಲೆಗೆ ನಡೆದು, "ಡಾಕ್ಟ್ರು ಅಂದ್ರೆ ನೀವೇನಾ? ಮಲ್ಟೆ ಹೇಳಿದ್ದ, ಮಾತಾಡಿಸ್ಕೊಂಡು ಬಾ ಅಂತ" ಎಂದ. ಅವನ ನಂತರ ಬಂದವರೂ ಹಾಗೆಯೇ ಮಾಡುತ್ತಿದ್ದಾರೆ.

ಇಂಥವರು ಪ್ರತಿ ಊರಿನ ಮೈದಾನದಲ್ಲೂ ಒಬ್ಬರಾದರೂ ಇರುತ್ತಾರೆಂದು ನಾನು ನಂಬಿದ್ದೇನೆ. ಅವರ ಎದೆಬಡಿತವೆಲ್ಲ ತಮ್ಮ ಊರಿನ ಬಣ್ಣಕ್ಕೇ ಮೀಸಲು, ಆದರೆ ನಿಲ್ಲುವುದು ಎದುರಾಳಿಯ ಪಕ್ಕದಲ್ಲಿ. ಅವರ ಹೆಸರು ಯಾವ ಕಪ್ಪಿನ ಮೇಲೂ ಕೆತ್ತಿರುವುದಿಲ್ಲ, ಕ್ಲಬ್ಬಿನ ಚರಿತ್ರೆ ಬರೆಯುವವನಿಗೆ ಅವರನ್ನು ಯಾವ ಅಧ್ಯಾಯದಲ್ಲಿ ಸೇರಿಸಬೇಕೆಂದು ತಿಳಿಯುವುದಿಲ್ಲ. ಆದರೂ ಅವರು ನಿಂತ ಊರಿನಲ್ಲಿ ಸೋತವನು ಸೋಲುವುದು ಪಂದ್ಯವನ್ನಷ್ಟೇ.