ಹಳದಿ ಬಳಿದ ಹಲಗೆಗಳು

ಸಾವಿನ ಸುದ್ದಿ ಬಂದಾಗ ಹಿರಿಯ ಬಡಗಿ ಬಾಗಿಲಿನ ಚೌಕಟ್ಟಿಗೆ ಕೀಸುಳಿ ಹಾಕುತ್ತಿದ್ದರು. ಬೆಳಗಿನ ಹೊತ್ತು. ಬೀದಿಯ ಎರಡೂ ಕಡೆ ಗರಗಸಗಳು ಆಗಲೇ ಗಂಟಲು ಸರಿಮಾಡಿಕೊಂಡಿದ್ದವು. ಹಣ್ಣಿನ ಮಂಡಿಯ ಕೂಲಿಯವನೊಬ್ಬ ಹೊಸ್ತಿಲಾಚೆಯೇ ನಿಂತು, "ಯಜಮಾನ್ರೇ, ನಮ್ಮ ಪೆಟ್ಟಿಗೆಯಣ್ಣ ಹೋಗ್ಬಿಟ್ರು. ಬೆಳಿಗ್ಗೆ ಎಬ್ಬಿಸಿದ್ರೆ ಏಳಲೇ ಇಲ್ಲವಂತೆ," ಎಂದ.

ಪೆಟ್ಟಿಗೆಯಣ್ಣ ಎಂದರೆ ಹಿರಿಯ ಬಡಗಿಯ ಹೆಂಡತಿಯ ತಮ್ಮ. ಒಂದು ಕಾಲಕ್ಕೆ ಆ ಬೀದಿಯಲ್ಲಿ ಅವನಷ್ಟು ನಾಜೂಕಿನ ಕೆಲಸಗಾರ ಇನ್ನೊಬ್ಬನಿರಲಿಲ್ಲ. ಆರು ವರ್ಷಗಳಿಂದ ಮಂಡಿಯಲ್ಲಿ ಹಣ್ಣಿನ ಪೆಟ್ಟಿಗೆಗಳಿಗೆ ಮೊಳೆ ಹೊಡೆದು ಹೊಟ್ಟೆ ಹೊರೆಯುತ್ತಿದ್ದ.

ಒಳಗಿನಿಂದ ಹೆಂಡತಿ ಬಂದಳು. ಅಳುತ್ತಿರಲಿಲ್ಲ. "ಕೇಳಿಸ್ತು. ಕೂಟದವರು ಅವನಿಗೆ ಹೆಗಲು ಕೊಡ್ತಾರೋ ಇಲ್ವೋ, ಅಷ್ಟು ಹೇಳಿ."

"ನಿಯಮ ಅಂತ ಒಂದು ಇದೆಯಲ್ಲೇ..."

"ನಿಯಮಕ್ಕೆ ಒಡಹುಟ್ಟಿದವರು ಇರಲ್ಲ ಬಿಡಿ," ಎಂದವಳೇ ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿದಳು.

ಬಡಗಿಗಳ ಕೂಟ ತಾತ ಮುತ್ತಾತಂದಿರ ಕಾಲದ್ದು. ಕೂಟದವನೊಬ್ಬ ಕಣ್ಣು ಮುಚ್ಚಿದರೆ ಪ್ರತಿ ಅಂಗಡಿಯಿಂದ ಒಂದೊಂದು ಹಲಗೆ ಬರಬೇಕು; ಅವನ್ನು ಜೋಡಿಸಿ ಚಟ್ಟ ಮಾಡಬೇಕು; ಎಲ್ಲರೂ ಹೆಗಲು ಬದಲಿಸುತ್ತ ಹೊರಬೇಕು. ಆಮೇಲೆ ಅವನ ಹೆಂಡತಿಗೆ ಜೀವವಿರುವ ತನಕ ತಿಂಗಳ ಧಾನ್ಯ, ಮನೆಯ ಸೂರಿನ ದುರಸ್ತಿ ಕೂಟದ ಹೊಣೆ. ಅನಾಥರ ಮನೆಗೆ, ಬಡವರ ಆಸ್ಪತ್ರೆಗೆ ಬಾಗಿಲು ಕಿಟಕಿಗಳನ್ನು ಪುಕ್ಕಟೆ ಮಾಡಿಕೊಡುವುದೂ ಉಂಟು. ಇಷ್ಟೆಲ್ಲ ಧರ್ಮ ಬಲ್ಲ ಕೂಟಕ್ಕೆ ಹೊರಗಿಡುವುದೂ ಗೊತ್ತಿತ್ತು. ಹೊರಗಾದವನಿಗೆ ಒಂದು ಉಳಿಯನ್ನೂ ಯಾರೂ ಎರವಲು ಕೊಡರು, ಅವನ ಮನೆಯ ನೀರು ಮುಟ್ಟರು, ಸತ್ತರೆ ಹೆಗಲು ಕೊಡರು.

ಪೆಟ್ಟಿಗೆಯಣ್ಣ ಹೊರಗಾದದ್ದು ಆಸ್ಪತ್ರೆಯ ಕಿಟಕಿಗಳಿಂದ. ಹೆರಿಗೆಯ ಕೋಣೆಗೆ ಅವನೇ ಮಾಡಿದ ಚೌಕಟ್ಟುಗಳು ಮೂರು ತಿಂಗಳಲ್ಲಿ ಸೊಟ್ಟಗಾಗಿ, ಕೀಲು ಬಿಟ್ಟು, ಬಾಣಂತಿಯರ ಮೇಲೆ ಚಳಿಗಾಳಿ ನುಗ್ಗಿತು. ಹಸಿ ಮರ! ಬಡಗಿಗೆ ಅದಕ್ಕಿಂತ ನಾಚಿಕೆಗೇಡಿಲ್ಲ. ಕೂಟದ ಮರದ ಕೊಟ್ಟಿಗೆಯಲ್ಲಿ ಒಣಗಿದ ಹಲಗೆಯ ತುದಿಗೆ ಹಳದಿ, ಹಸಿಯದಕ್ಕೆ ಕೆಂಪು ಬಳಿಯುವುದು ವಾಡಿಕೆ. "ನಾನು ಹಳದಿಯದನ್ನೇ ತೆಗೆದೆ," ಎಂದು ಅವನು ಕೈಮುಗಿದು ಹೇಳಿದ. ಹೋಗಿ ನೋಡಿದರೆ ಆ ಅಟ್ಟಿಯಲ್ಲಿ ಉಳಿದದ್ದೆಲ್ಲ ಕೆಂಪು. ತಪ್ಪಿನ ಜೊತೆಗೆ ಸುಳ್ಳೂ ಸೇರಿತೆಂದು ಕೂಟ ಅವನನ್ನು ಹೊರಗಿಟ್ಟಿತು. ತೀರ್ಪು ಹೇಳಿದವರು ಕೂಟದ ಯಜಮಾನರಾದ ಈ ಹಿರಿಯ ಬಡಗಿಯೇ.

ಕೊಟ್ಟಿಗೆಯ ಬೀಗದಕೈ ಇದ್ದದ್ದೂ ಅವರ ಸೊಂಟದಲ್ಲೇ. ಆ ವರ್ಷ ಸೂರು ಸೋರಿತೆಂದು ಆತುರಾತುರವಾಗಿ ಅಟ್ಟಿಗಳನ್ನು ಅತ್ತಿಂದಿತ್ತ ಮಾಡುವಾಗ, ಹಸಿ ಹಲಗೆಗಳಿಗೆ ಹಳದಿ ಬಳಿದಿದ್ದವರು ಅವರು. ಅದು ಮರೆವು, ದೇವರು ಮನ್ನಿಸಿಯಾನು. ಆದರೆ ಕಿಟಕಿ ಸೊಟ್ಟಗಾಯಿತೆಂದು ಕೇಳಿದ ಕೂಡಲೇ ಒಬ್ಬರೇ ಹೋಗಿ, ಉಳಿದ ಹಲಗೆಗಳ ಹಳದಿಯ ಮೇಲೆ ಕೆಂಪು ಬಳಿದರಲ್ಲ, ಅದು ಮರೆವಲ್ಲ.

ಕೂಲಿಯವನು ಹೋದ ಮೇಲೆ ಅವರು ಕೀಸುಳಿಯನ್ನು ಎತ್ತಿದರು, ಇಟ್ಟರು. ಹಿತ್ತಲಿಗೆ ಹೋಗಿ ಏಕೆ ಬಂದೆನೆಂದು ತಿಳಿಯದೆ ಮರಳಿದರು. ಪ್ರಾರ್ಥನೆಗೆಂದು ಕಣ್ಣು ಮುಚ್ಚಿದರೆ ಮೊದಲ ಮಾತೇ ನಾಲಿಗೆಗೆ ಬರಲಿಲ್ಲ. ಬಿಸಿ ಬೂದಿಯ ಮೇಲೆ ಕಾಲಿಟ್ಟವರಂತೆ ಅಂಗಡಿಯೊಳಗೆ ಅಲೆದು ಅಲೆದು, ಕೊನೆಗೆ ಮಂಡಿಯ ದಾರಿ ಹಿಡಿದರು.

ಒಂದೇ ಕೋಣೆಯ ಮನೆ. ಗೋಡೆಗೆ ಒರಗಿಸಿದ ಖಾಲಿ ಪೆಟ್ಟಿಗೆಗಳು. ನೆಲದ ಮೇಲೆ ಮಲಗಿಸಿದ್ದ ತಮ್ಮನ ತಲೆಯ ಬಳಿ ಅವರ ಹೆಂಡತಿ ಕೂತಿದ್ದಳು, ಇವರತ್ತ ನೋಡಲಿಲ್ಲ. ಸತ್ತವನ ಹೆಂಡತಿಯೇ ಎದ್ದು ಒಂದು ಪೆಟ್ಟಿಗೆ ಬೋರಲು ಹಾಕಿದಳು. "ಬಂದ್ರಾ ಅಣ್ಣಾ? ಕೂತ್ಕೊಳ್ಳಿ. ನೀವು ಬಂದಿದ್ದು ನೋಡಿದ್ರೆ ಅವರು ಎಷ್ಟು ಖುಷಿಪಡ್ತಿದ್ರೋ."

"ನನ್ನ ಮೇಲೆ ಅವನಿಗೆ ಸಿಟ್ಟಿತ್ತೇನಮ್ಮ?"

"ಛೇ, ಇಲ್ಲಪ್ಪ. ಸಿಟ್ಟೆಲ್ಲ ಅವರ ಕಣ್ಣಿನ ಮೇಲೇ. ನಿಂಬೆಹಣ್ಣು ತಂದ್ರೆ ಬೆಳಕಿಗೆ ಹಿಡಿದು, 'ಇದು ಹಳದಿ ತಾನೇ?' ಅನ್ನೋರು. 'ಅಲ್ಲ, ನೀಲಿ' ಅಂತ ನಾನು ನಗಾಡ್ತಿದ್ದೆ. ಒಂದಿನ ಹಾಗಂದಾಗ ಮುಖ ಸಪ್ಪೆ ಮಾಡ್ಕೊಂಡು, ಆ ಹಣ್ಣನ್ನ ಹಿಡ್ಕೊಂಡು ಎಷ್ಟೋ ಹೊತ್ತು ಕೂತಿದ್ರು. ಆಮೇಲೆ ತಮಾಷೆ ಬಿಟ್ಟೆ. ಹಳದಿ ರೀ, ಹಳದಿ ರೀ ಅಂತ ದಿನಾ ಹೇಳ್ತಿದ್ದೆ. ನಂಬ್ತಿರಲಿಲ್ಲ ಅಣ್ಣಾ."

ಹಿರಿಯ ಬಡಗಿ ಕೂತಲ್ಲಿಂದ ಎದ್ದರು. "ಬಂದೆನಮ್ಮ," ಎಂದಷ್ಟೇ ಹೇಳಿ ಹೊರಬಿದ್ದರು. ಸಾಲ ಮಾಡಿದವನು ತಲೆತಪ್ಪಿಸಿಕೊಳ್ಳುವಂತೆ ನಡೆದರೂ ಕಾಲು ಅವರನ್ನು ಮನೆಗೆ ಒಯ್ಯಲಿಲ್ಲ, ಕೂಟದ ಚಾವಡಿಗೆ ಒಯ್ದಿತು.

ಸುದ್ದಿ ಆಗಲೇ ಅಲ್ಲಿ ಮುಟ್ಟಿತ್ತು. ಹತ್ತು ಹದಿನೈದು ಮಂದಿ ಕೂಡಿದ್ದರು. ಕೂಟದ ಕಟ್ಟಳೆ ನೋಡಿಕೊಳ್ಳುವವರನ್ನು ಬೀದಿಯವರು ನೇರಗೆರೆ ಎಂದೇ ಕರೆಯುತ್ತಿದ್ದರು. ಅವರೇ ಮೊದಲು ಮಾತೆತ್ತಿದರು.

"ಯಜಮಾನ್ರೇ, ನಿಮ್ಮ ಸಂಕಟ ನಮಗೂ ಗೊತ್ತು. ಆದ್ರೆ ಇವತ್ತು ಒಬ್ಬನಿಗೆ ಕಟ್ಟಳೆ ಸಡಿಲಿಸಿದ್ರೆ, ನಾಳೆ ಹಸಿ ಮರಕ್ಕೆ ಯಾರು ಹೆದರ್ತಾರೆ? ಊರು ನಮ್ಮ ಬಾಗಿಲನ್ನ ನಂಬೋದ್ರಿಂದ ತಾನೇ ವಿಧವೆಯರ ಮನೆಗೆ ಧಾನ್ಯ ಹೋಗ್ತಿರೋದು?"

"ಸತ್ತವನ ಮೇಲೂ ಹಟವೇ ನೇರಗೆರೆ?" ಎಂದು ಹಿಂದಿನಿಂದೊಬ್ಬ ಗೊಣಗಿದ. "ನಿನ್ನ ಚಟ್ಟವನ್ನೂ ಅಳತೆಪಟ್ಟಿ ಹಿಡಿದೇ ಮಾಡಿಸ್ತೀವಿ ಬಿಡು."

"ಮಾಡಿಸಿ. ಒಂದು ನೂಲೆಳೆ ಸೊಟ್ಟಗಾದ್ರೂ ಎದ್ದು ಬರ್ತೀನಿ."

ಒಂದಿಬ್ಬರು ನಕ್ಕರು. ಹಿರಿಯ ಬಡಗಿ ನಗಲಿಲ್ಲ. "ನೀನು ಹೇಳಿದ್ದು ಸರಿ," ಎಂದರು. "ಕಟ್ಟಳೆ ಸಡಿಲಿಸಬೇಡ. ತಪ್ಪು ಮಾಡಿದವನನ್ನ ಹೊರಗಿಡು. ಹಸಿ ಹಲಗೆಗೆ ಹಳದಿ ಬಳಿದವನು ನಾನು. ಆಮೇಲೆ ಅದರ ಮೇಲೆ ಕೆಂಪು ಬಳಿದವನೂ ನಾನೇ."

ಎಲ್ಲರಿಗಿಂತ ಹಿರಿಯ, ಕಡಸಲು ತಿರುಗಿಸಿ ಮರ ಕಡೆಯುವ ಕಡಸಲಿನಜ್ಜ, ಕಿವಿ ಮಂದ; ಬಾಗಿ ಕೈಯನ್ನು ಕಿವಿಗೆ ಕೊಟ್ಟು, "ಏನಂತೆ? ಜೋರಾಗಿ ಹೇಳಪ್ಪ," ಎಂದ.

ಹಿರಿಯ ಬಡಗಿಯೇ ಬೀದಿಗೆ ಕೇಳುವ ಹಾಗೆ ಕೂಗಿ ಹೇಳಬೇಕಾಯಿತು. "ಅವನು ಹಳದಿಯನ್ನೇ ನೋಡಿದ್ದ ಅಜ್ಜಾ! ಮೋಸ ಮಾಡಿದ್ದು ನಾನು!"

ಅಜ್ಜ ಕಿವಿಯಿಂದ ಕೈ ಇಳಿಸಿದ. "ಆರು ವರ್ಷ ಆ ಮನೆ ಮುಂದೆ ಹಾದುಹೋಗುವಾಗ ನಾನೂ ಮುಖ ತಿರುಗಿಸಿದ್ದೀನಲ್ಲೋ," ಎಂದ. "ಮೂರು ಮೊಳ ದಾರಿ. ಹೋಗಿ ಒಂದು ಮಾತು ಕೇಳಿದ್ದರೆ ನಮ್ಮ ಗಂಟೇನು ಹೋಗ್ತಿತ್ತು?"

ನೇರಗೆರೆ ಎದ್ದು ನಿಂತರು. "ನಿಮ್ಮನ್ನ ಹೊರಗಿಡಬೇಕಾಗತ್ತೆ ಯಜಮಾನ್ರೇ."

"ಇಡು. ಮೊದಲು ಅವನನ್ನ ಒಳಗೆ ಕರ್ಕೋ."

"ನಿಮ್ಮ ಮಾತು ನಾಳೆ. ಇವತ್ತು ಅವನನ್ನ ಕಳಿಸಿಕೊಡೋ ದಿನ," ಎಂದವರೇ ನೇರಗೆರೆ ತಮ್ಮ ಅಂಗಡಿಗೆ ಹೋದರು. ಹಿಂದಿರುಗಿದಾಗ ಹೆಗಲ ಮೇಲೆ ಹಲಗೆಯಿತ್ತು. ಅವರ ಹಿಂದೆಯೇ ಮಿಕ್ಕವರೂ ಒಂದೊಂದು ಹಲಗೆ ತಂದರು. ಮಧ್ಯಾಹ್ನದ ಹೊತ್ತಿಗೆ ಚಟ್ಟ ಸಿದ್ಧವಾಯಿತು.

ಕೂಟದವರು ಮಂಡಿಯ ಮನೆಯ ಮುಂದೆ ಚಟ್ಟ ಇಳಿಸಿದರು. ಹಿರಿಯ ಬಡಗಿ ಒಳಗೆ ಹೋಗಿ ಸತ್ತವನ ಹೆಂಡತಿಗೆ ಎಲ್ಲವನ್ನೂ ಹೇಳಿದರು. ಅವರ ಹೆಂಡತಿ ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಎದ್ದು ಕೋಣೆಯ ಆಚೆ ಬದಿಗೆ ಹೋಗಿ ಕೂತಳು.

"ಆರು ವರ್ಷ ಅಣ್ಣಾ," ಎಂದಳು ಸತ್ತವನ ಹೆಂಡತಿ. ದನಿಯಲ್ಲಿ ಸಿಟ್ಟಿಲ್ಲ, ಅದು ಇದ್ದಿದ್ದರೆ ಅವರಿಗೆ ಹಗುರವಾಗುತ್ತಿತ್ತು. "ಮೊನ್ನೆ ಬಂದು ಹೇಳಿದ್ರೂ ಸಾಕಿತ್ತು. ನಿನ್ನೆ ಹೇಳಿದ್ರೂ ಸಾಕಿತ್ತು."

"ಕ್ಷಮಿಸು ಅಂತ ಕೇಳೋ ಬಾಯಿ ನನಗಿಲ್ಲಮ್ಮ."

"ನನ್ನ ಹತ್ರ ಹೇಳಿ ಏನು ಪ್ರಯೋಜನ? ಅವರಿಗೆ ಹೇಳಿ."

ಹಿರಿಯ ಬಡಗಿ ಮಂಡಿಯೂರಿದರು. ಮೊಳೆ ಹೊಡೆದೂ ಹೊಡೆದೂ ಜಡ್ಡುಗಟ್ಟಿದ ಆ ತಣ್ಣನೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿಯ ಬಳಿ ಬಾಗಿದರು. "ಹಳದಿಯೇ ಕಣಪ್ಪಾ. ನಿನ್ನ ಕಣ್ಣು ತಪ್ಪಿರಲಿಲ್ಲ," ಎಂದರು. ಬಾಗಿಲಲ್ಲಿ ನಿಂತ ಕೂಟದವರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು.

ಬೆಳಿಗ್ಗೆಯಿಂದ ನಾಲಿಗೆಗೆ ಬಾರದಿದ್ದ ಮಾತು ಆಗ ಬಂತು.

"ದೇವರೇ, ನನ್ನದನ್ನು ನೀನು ಆಮೇಲೆ ನೋಡಿಕೋ, ನಾನು ಎಲ್ಲಿಗೂ ಓಡಿಹೋಗುವುದಿಲ್ಲ. ಈ ಜೀವ ಯಾರಿಗೂ ಕೇಡು ಬಯಸಲಿಲ್ಲ. ನಾವು ಬಾಗಿಲು ಮುಚ್ಚಿದೆವು, ನೀನು ತೆರೆ. ಬಹಳ ದಣಿದಿದ್ದಾನೆ ತಂದೆ, ಅವನಿಗೆ ನೆಮ್ಮದಿ ಕೊಡು."