ಖಾಲಿ ಬಿಟ್ಟ ಜಾಗ

"ಇನ್ನೂ ಜರಾ ಒತ್ರಿ!" ಎಂದ ಅಮೃತಪ್ಪ. ಇಬ್ಬರು ಹೆಗಲು ಹಿಡಿದಿದ್ದರು. ತಮ್ಮನ ಬಲಗಾಲು ಮಡಿಸಲು ಅವನು ಮೂರನೆಯ ಸಲ ಹೆಣಗುತ್ತಿದ್ದ. ಕಾಲು ತೊಲೆಯಂತೆ ಚಾಚಿಕೊಂಡೇ ಇತ್ತು.

"ಮುರೀತದ, ಬಿಡ್ರಿ ಭಾವನವರ!" ಗುರುಲಿಂಗಮ್ಮ ಗಂಡನ ಮೊಣಕಾಲನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು.

ಸೂಗಪ್ಪ ಪೈಲ್ವಾನ ರಾತ್ರಿ ನಿದ್ದೆಯಲ್ಲೇ ಹೋಗಿಬಿಟ್ಟಿದ್ದ. ನಾಲವಾರದ ಮಠಕ್ಕೆ ಹೋಗಿದ್ದ ಗುರುಲಿಂಗಮ್ಮ ವಾಡಿಯಲ್ಲಿ ಗಾಡಿ ಬದಲಿಸಿ ಬೆಳಿಗ್ಗೆ ಚಿತ್ತಾಪುರಕ್ಕೆ ಬಂದು ಬಾಗಿಲು ದೂಡಿದರೆ, ಅಂಗಾತ ಮಲಗಿದ್ದ, ಮೈ ಸೆಟೆದಿತ್ತು. ಉಸಿರು ನಿಂತ ಕೂಡಲೇ ಗೋಡೆಗೆ ಕೂರಿಸಿ ಕಟ್ಟಬೇಕಾದ ಮೈ. ಅವರ ಮನೆತನದಲ್ಲಿ ಯಾರನ್ನೂ ಮಲಗಿಸಿ ಮಣ್ಣು ಮಾಡಿದ್ದಿಲ್ಲ. ಹೊಲದಲ್ಲಿ ಕೂರುವವರ ಅಳತೆಗೆ ಕುಣಿ ತೋಡಿ ಆಗಿತ್ತು.

ಮಣ್ಣಿನ ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಅಂಗಳಕ್ಕೆ ಹೋಗಿ ಹೊತ್ತು ನೋಡಿ ಬಂದರು. ಮತ್ತೆ ಹೋದರು, ಮತ್ತೆ ಬಂದರು.

"ಹೊತ್ತು ಮುಣುಗೂದ್ರಾಗ ಆಗಬೇಕು. ಇಲ್ಲಾಂದ್ರ ಕೀಲು ಮುರದೇ ಕುಂದರಸಬೇಕಾಗ್ತದ, ಯವ್ವಾ."

"ಹತ್ತು ಮಂದಿ ಕೂಡಿದ್ರೂ ಆಗವಲ್ದು ನೋಡು," ಎಂದಳು ನೆರೆಮನೆಯ ಸಾಬಮ್ಮ ಬಾಗಿಲಲ್ಲಿ ನೊಣ ಹೊಡೆಯುತ್ತ. "ಜೀವ ಇದ್ದಾಗ ಪೋರಪೋರರು ಬಂದು ಕೆಡವಿ ಹೋದ್ರು. ಈಗ ನೋಡು, ಹೆಂಗ ಹಿಡದಾನ ಪಟ್ಟು!"

ಯಾರೋ ನಕ್ಕರು. ಗುರುಲಿಂಗಮ್ಮ ನಗಲಿಲ್ಲ.

*

ಸೂಗಪ್ಪನನ್ನು ಹದಿನೆಂಟು ವರ್ಷ ಯಾರೂ ಕೆಡವಿರಲಿಲ್ಲ. ಶಹಾಬಾದ, ಚಿಂಚೋಳಿ, ಸೇಡಂ, ಎಲ್ಲಿ ಕುಸ್ತಿಯಾದರೂ ವಾಡಿಯ ತಾಲೀಮಿನ ಉಸ್ತಾದ ಗುಲಾಮ ದಸ್ತಗೀರ ಅವನ ಮೈಗೆ ಎಣ್ಣೆ ತಿಕ್ಕಿ, ಕಿವಿಯಲ್ಲಿ ಅದೇ ಮಾತು ಹೇಳುತ್ತಿದ್ದ: "ಮಂದೀಗಿ ನೋಡಬ್ಯಾಡ. ಇನಾಮಿಗಿ ನೋಡಬ್ಯಾಡ. ಅವನ ಟೊಂಕಾ ನೋಡು." ಆಮೇಲೆ ಕಣದ ಎದುರು ಬದಿಗೆ ಹೋಗಿ, ಮೊಣಕಾಲ ಮೇಲೆ ಕೈಯಿಟ್ಟು ಕೂರುತ್ತಿದ್ದ. ಮುಗಿಯುವ ತನಕ ಏಳುತ್ತಿರಲಿಲ್ಲ.

ರಜಾಕಾರರ ಗದ್ದಲ ಮುಗಿದ ಮರುವರ್ಷ ಅಮೃತಪ್ಪ ತಮ್ಮನಿಗೆ ಹೇಳಿದ: "ಇನ್ನ ಆ ಸಾಬನ್ನ ಬೆನ್ನಿಗಿ ಕಟ್ಟಿಕೊಂಡು ತಿರಗಬ್ಯಾಡ. ಮಂದಿ ಒಂದು ಮಾತಾಡ್ತಾರ."

ಸೂಗಪ್ಪ ತಾನೇ ವಾಡಿಗೆ ಹೋದ. "ಸೇಡಂಗಿ ನೀವು ಬರಬ್ಯಾಡ್ರಿ, ಉಸ್ತಾದ್."

ದಸ್ತಗೀರ ಶೀಶೆ ತಂದು ಅವನ ಕೈಗಿಟ್ಟ. "ಎಣ್ಣಿ ಶೀಶಾರೆ ಒಯ್ಯಿ," ಎಂದ.

ಸೇಡಂದಲ್ಲಿ ಎದುರಾಳಿ ಮೀಸೆ ಬಲಿಯದ ಹುಡುಗ. ಸೂಗಪ್ಪ ಅಂಗಾತ ಬಿದ್ದ. ಮನೆಗೆ ಬಂದು ಹೆಂಡತಿಯೆದುರು ಕೂತ.

"ಕಸುವು ಇತ್ತು ನೋಡು. ಅವನ ಟೊಂಕಾನೂ ಕಂಡಿತ್ತು. ಆದ್ರ ಕಣ್ಣು ಆ ಕಡೀಗಿ ಹೋತು. ಅವ್ರು ಕುಂದ್ರು ಜಾಗಾ ಖಾಲಿ ಇತ್ತು."

"ಹೋಗಿ ಕರ್ಕೊಂಡು ಬರ್ರಿ ಮತ್ತ."

"ಯಾವ ಮಾರಿ ತಗೊಂಡು ಹೋಗ್ಲಿ?"

ಆಮೇಲೆ ಏಳು ಕುಸ್ತಿ, ಏಳೂ ಸೋಲು. ಪ್ರತಿ ಸಲವೂ ಕಣ್ಣು ಆ ಕಡೆ ಹೋಯಿತು. ಕೊನೆಗೆ ಯಾರೂ ಕರೆಯದಾದರು. ಶಹಾಬಾದದ ಗಣಿಯಲ್ಲಿ ವ್ಯಾಗನ್ನಿಗೆ ಫರಸಿ ಕಲ್ಲು ಹೇರುವ ಕೆಲಸ ಹಿಡಿದ. ಶೀಶೆ ಮಾತ್ರ ಗೋಡೆಯ ಗೂಡಿನಲ್ಲಿ ಹಾಗೇ ಉಳಿಯಿತು.

*

ಸಾವಿನ ಸುದ್ದಿ ತಿಳಿದು ಮಧ್ಯಾಹ್ನದ ಗಾಡಿಗೆ ವಾಡಿಯಿಂದ ದಸ್ತಗೀರ ಬಂದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಅಲ್ಲೇ ನಿಂತ.

"ಒಳಗ ಬರ್ರಿ," ಎಂದಳು ಗುರುಲಿಂಗಮ್ಮ.

ಅಮೃತಪ್ಪ ಅಡ್ಡ ಬಂದ. "ಮೈ ತೊಳದದ. ವಿಭೂತಿ ಹಚ್ಚೀವಿ. ಮುಟ್ಟೂದು ಹೆಂಗ?"

ಅವಳು ಗೂಡಿನಿಂದ ಶೀಶೆ ತೆಗೆದು, ಸೆರಗಿನಿಂದ ಧೂಳು ಒರೆಸಿ, ಉಸ್ತಾದನ ಕೈಗೆ ಕೊಟ್ಟಳು. "ಆ ಮೈಯಾಗ ಯಾವ ಕೀಲು ಹೆಂಗ ತಿರಗತದ ಅಂಬೂದು ನಂಗ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಭಾವನವರ. ಇವ್ರಿಗಿ ಗೊತ್ತದ."

ಅಮೃತಪ್ಪ ಅಯ್ಯನವರ ಕಡೆ ನೋಡಿದ. ಅವರು ಮತ್ತೆ ಹೊತ್ತು ನೋಡಿದರು. "ಇಳ್ಯಾಕತ್ತದ. ಯಾರರೆ ಕುಂದರಸ್ರೋ ಯಪ್ಪಾ, ಮೊದಲ ಕುಂದರಸ್ರಿ. ವಿಭೂತಿ ಮತ್ತ ಹಚ್ಚತೀನಿ."

ದಸ್ತಗೀರ ಎಣ್ಣೆ ಬಿಸಿ ಮಾಡಿಸಿದ. ಒತ್ತಲಿಲ್ಲ, ಎಳೆಯಲಿಲ್ಲ. ತೊಡೆಯ ಹಿಂಬದಿಯಿಂದ ಹೆಬ್ಬೆರಳು ಊರುತ್ತ ಮೆಲ್ಲಗೆ ಇಳಿದ, ಮತ್ತೆ ಏರಿದ. ಬಹಳ ಹೊತ್ತು ಹಾಗೇ ತಿಕ್ಕಿದ. ಒಮ್ಮೆ ಕಿವಿಯ ಹತ್ತಿರ ಬಾಗಿ, "ಮಂದೀಗಿ ನೋಡ..." ಎಂದವನು ಅರ್ಧಕ್ಕೇ ನಿಲ್ಲಿಸಿದ. ಸಾಬಮ್ಮ ನೊಣ ಹೊಡೆಯುವುದನ್ನು ಮರೆತಳು.

ಮೊಣಕಾಲು ಲಟಕ್ಕೆಂದಿತು. ಬಲಗಾಲು ಮಡಿಸಿಕೊಂಡಿತು. ಆಮೇಲೆ ಎಡಗಾಲು.

ಹೊಲ ಮುಟ್ಟುವಾಗ ಸೂರ್ಯ ಜಾಲಿಯ ಮೇಲಿದ್ದ. ಕುಣಿಯಲ್ಲಿ ಸೂಗಪ್ಪನನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟರು. ನೋಡುವ ಆತುರಕ್ಕೆ ಜನ ಎದುರು ಬದಿಗೆ ನುಗ್ಗಿದರು. ದಸ್ತಗೀರ ದೂರ, ಹೊಲದ ಬದುವಿನಲ್ಲಿ ನಿಂತಿದ್ದ.

ಅಮೃತಪ್ಪ ಒಂದು ಸಲ ತಮ್ಮನ ಮುಖ ನೋಡಿದ, ಒಂದು ಸಲ ಬದುವಿನ ಕಡೆ. ತಟ್ಟನೆ ಕೂಗಿದ:

"ಸರೀರಿ ಅತ್ತ! ಆ ಜಾಗಾ ಬಿಡ್ರಿ!"

ಜನ ಸರಿದರು. ಯಾರೂ ಹೆಸರು ಹೇಳಿ ಕರೆಯಲಿಲ್ಲ. ಮುದುಕ ನಿಧಾನ ನಡೆದು ಬಂದು, ಕುಣಿಯ ಎದುರು ಬದಿಗೆ, ಮೊಣಕಾಲ ಮೇಲೆ ಕೈಯಿಟ್ಟು ಕೂತ. ಬಿಲ್ವಪತ್ರಿ ಬಿತ್ತು, ವಿಭೂತಿ ಬಿತ್ತು, ಮಣ್ಣು ಬಿತ್ತು. ಮಣ್ಣು ಟೊಂಕದ ಮಟ್ಟಕ್ಕೆ ಏರಿ ಅದನ್ನು ಮುಚ್ಚಿದ ಮೇಲೂ ಉಸ್ತಾದನ ಕಣ್ಣು ಅಲ್ಲಿಂದ ಕದಲಲಿಲ್ಲ.